ವರ್ಷಕ್ಕೊಮ್ಮೆ ಬರುವ ದುಡ್ಡಲ್ಲಿ ಸಾಲ ಇಳಿಸಿದ ನನ್ನ ಅನುಭವ

ನಮ್ಮದು ಮೂಡಿಗೆರೆ ತಾಲ್ಲೂಕಿನ ಗೋಣಿಬೀಡು ಕಡೆ. ಮೂರು ಎಕರೆ ರೋಬಸ್ಟಾ ಕಾಫಿ ತೋಟ, ನೆರಳಿನ ಮರಗಳಿಗೆ ಹಬ್ಬಿಸಿದ ಮೆಣಸಿನ ಬಳ್ಳಿ. ತೋಟ ನೋಡುವವರು ನಮ್ಮನೆಯವರು. ಮನೆ, ಹೊಲಿಗೆ ನನ್ನದು. 2020ರಿಂದ ಲೆಕ್ಕವೂ ನನ್ನದೇ. ಆ ವರ್ಷ ನಮ್ಮ ಮೇಲೆ 4,28,000 ರೂಪಾಯಿ ಸಾಲ ಇತ್ತು. ಈಗ ಸೊಸೈಟಿಯ ಬೆಳೆ ಸಾಲ ಬಿಟ್ಟು ಬೇರೇನೂ ಇಲ್ಲ. ಹೇಗೆ ಇಳಿಸಿದಿರಿ ಅಂತ ನೆಂಟರು, ಅಕ್ಕಪಕ್ಕದ ತೋಟದವರು ಕೇಳುತ್ತಿರುತ್ತಾರೆ. ಅವರಿಗೆ ಬಾಯಲ್ಲಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ತಿಂಗಳ ಸಂಬಳ ಬರುವವರಿಗೆ ಹೇಳುವ ಬಜೆಟ್ ಪಾಠ ನಮ್ಮಂಥ ಸಣ್ಣ ಬೆಳೆಗಾರರಿಗೆ ಹೊಂದುವುದಿಲ್ಲ. ನಮಗೆ ದುಡ್ಡು ಬರುವುದು ಫೆಬ್ರವರಿ, ಮಾರ್ಚ್‌ನಲ್ಲಿ. ಖರ್ಚು ಮಾತ್ರ ಹನ್ನೆರಡು ತಿಂಗಳೂ ಇರುತ್ತದೆ.

ಸಾಲ ಬೆಳೆದದ್ದು 2018, 2019ರ ಆಗಸ್ಟ್ ಮಳೆಗೆ. ಚಾರ್ಮಾಡಿ ಘಾಟಿ ಕುಸಿದು ರಸ್ತೆ ಬಂದ್ ಆದ ವರ್ಷ ನಮ್ಮ ಗುಡ್ಡದ ಮೇಲೂ ಬಿಡದೆ ಹೊಡೆಯಿತು. ಕಾಫಿ ಕಾಯಿ ಕೊಳೆತು ಉದುರಿತು. ಮೆಣಸಿನ ಬಳ್ಳಿಗೆ ಸೊರಗು ರೋಗ ಬಂತು. ಉಳಿದ ಬೆಳೆಗೆ ರೇಟೂ ಇರಲಿಲ್ಲ. ಒಂದು ಸಾಲ ತೀರಿಸಲು ಇನ್ನೊಂದು ಸಾಲ ಅನ್ನುವಂತಾಯಿತು.

ನಾನು ಮೊದಲು ಮಾಡಿದ್ದು ಎಲ್ಲ ಸಾಲವನ್ನೂ ಒಂದು ನೋಟ್‌ಬುಕ್‌ನಲ್ಲಿ ಬರೆದದ್ದು. ಸೊಸೈಟಿ ಬೆಳೆ ಸಾಲ 1,50,000. ಊರಿನವರೊಬ್ಬರ ಕೈಸಾಲ 1,00,000, ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ. ಖಾಸಗಿಯವರ ಹತ್ತಿರ ಅಡ ಇಟ್ಟ ನನ್ನ ಸರ, ಬಳೆ ಮೇಲೆ 80,000, ನೂರಕ್ಕೆ ಎರಡು. ಕಾಫಿ ವ್ಯಾಪಾರಿಯ ಮುಂಗಡ 50,000. ಮೈಕ್ರೋ ಫೈನಾನ್ಸ್‌ನವರ ವಾರದ ಕಂತಿನ ಸಾಲ 30,000. ದಿನಸಿ ಅಂಗಡಿ ಉದ್ರಿ 18,000.

ಆಮೇಲೆ ಬಡ್ಡಿಯನ್ನೆಲ್ಲ ವರ್ಷದ ಲೆಕ್ಕಕ್ಕೆ ತಂದೆ. ನೂರಕ್ಕೆ ಮೂರು ಅಂದರೆ ಕಿವಿಗೆ ಸಣ್ಣದು. ವರ್ಷಕ್ಕೆ 36 ಪರ್ಸೆಂಟ್ ಆಗುತ್ತದೆ. ವಾರದ ಕಂತಿನವರು 12 ಪರ್ಸೆಂಟ್ ಅಂತ ಹೇಳಿದ್ದರು. ಆದರೆ ಪೂರ್ತಿ 30,000ಕ್ಕೆ ವರ್ಷದ ಬಡ್ಡಿ ಸೇರಿಸಿ ಕಂತು ಮಾಡಿದ್ದರು. ಅರ್ಧ ವರ್ಷಕ್ಕೆ ಅರ್ಧ ಅಸಲು ನಾವು ಕಟ್ಟಿ ಆಗಿರುತ್ತದೆ, ಅಲ್ವಾ? ಹಾಗೆ ನೋಡಿದರೆ ನಿಜವಾದ ಬಡ್ಡಿ 22, 23ರ ಹತ್ತಿರ.

ಕೈಸಾಲ ಮತ್ತು ಚಿನ್ನದ ಬಡ್ಡಿ ಎರಡೇ ಸೇರಿ ವರ್ಷಕ್ಕೆ 55,200. ಆದಾಯದ ಕಡೆ, ಚೆರ್ರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ, 40 ಚೀಲ. 50 ಕೆಜಿ ಚೀಲಕ್ಕೆ ಆಗ 3,300ರ ಆಸುಪಾಸು ಸಿಗುತ್ತಿತ್ತು. 1,32,000 ಆಯಿತು. ಮೆಣಸು ಮೂರು ಕ್ವಿಂಟಾಲ್, 96,000. ಇದರಲ್ಲಿ ತೋಟಕ್ಕೆ 75,000, ಮನೆಗೆ ತಿಂಗಳಿಗೆ 8,000 ಕಳೆದರೆ ಉಳಿಯುವುದು 57,000. ಅಷ್ಟೂ ಬಡ್ಡಿಗೇ ಸರಿಹೋಗುತ್ತಿತ್ತು. ಇಬ್ಬರೂ ಮೈಮುರಿದು ದುಡಿದರೂ ಅಸಲು ಯಾಕೆ ಅಲುಗುತ್ತಿಲ್ಲ ಅನ್ನುವುದು ಆ ರಾತ್ರಿ ಗೊತ್ತಾಯಿತು. ಇವರು ಬಹಳ ಹೊತ್ತು ಮಾತಾಡಲಿಲ್ಲ.

ಇದಕ್ಕಿಂತ ಹೆಚ್ಚು ಕಣ್ಣು ತೆರೆಸಿದ್ದು ಇನ್ನೊಂದು ಸಾಲು. ಪ್ರತಿ ಸಾಲದ ಮುಂದೆ ಅದನ್ನು ತಂದ ತಿಂಗಳು ಬರೆದೆ. ಚಿನ್ನ ಅಡ ಇಟ್ಟದ್ದು ಜೂನ್‌ನಲ್ಲಿ, ಶಾಲೆ ಫೀಸು ಮತ್ತು ಗೊಬ್ಬರಕ್ಕೆ. ವ್ಯಾಪಾರಿಯ ಮುಂಗಡ ಆಗಸ್ಟ್‌ನಲ್ಲಿ, ಕಳೆ ತೆಗೆಸಲು, ಗೌರಿ ಹಬ್ಬಕ್ಕೆ. ಕೈಸಾಲ ಡಿಸೆಂಬರ್‌ನಲ್ಲಿ, ಕುಯ್ಲು ಶುರುವಾಗುವ ಮೊದಲು ಆಳುಗಳ ಬಟವಾಡೆಗೆ ದುಡ್ಡು ಕೈಯಲ್ಲಿರಬೇಕು ಅಂತ. ಫೆಬ್ರವರಿಯಿಂದ ಮೇ ತನಕ ಒಂದೇ ಒಂದು ಸಾಲ ಇಲ್ಲ. ಆ ತಿಂಗಳುಗಳಲ್ಲಿ ಕೈತುಂಬ ಇರುತ್ತಿತ್ತು. ಮದುವೆ, ಮನೆ ರಿಪೇರಿ, ಹೊಸ ಸಾಮಾನು ಎಲ್ಲವೂ ಆಗಲೇ. ಮಳೆ ಹಿಡಿಯುವಷ್ಟರಲ್ಲಿ ಬರಿಗೈ. ಅಂದರೆ ನಮ್ಮ ಕಷ್ಟಕ್ಕೆ ಅರ್ಧ ಕಾರಣ ದುಡ್ಡು ಕಡಿಮೆ ಇದ್ದದ್ದು. ಇನ್ನರ್ಧ ಕಾರಣ, ಇದ್ದ ದುಡ್ಡು ಮಳೆಗಾಲದ ತಿಂಗಳುಗಳಿಗೆ ಉಳಿಯದ್ದು.

ಇದನ್ನು ಮಾವನವರಿಗೆ ಹೇಳಿದಾಗ ಅವರು ಹಳೆಯ ಕಾಲ ನೆನಪಿಸಿಕೊಂಡರು. ಮೊದಲೆಲ್ಲ ಬೆಳೆಗಾರರು ಕಾಫಿಯನ್ನು ಕಾಫಿ ಮಂಡಳಿಯ ಪೂಲ್‌ಗೇ, ಅಂದರೆ ಎಲ್ಲರ ಕಾಫಿ ಒಟ್ಟು ಸೇರಿಸಿ ಮಾರುವ ವ್ಯವಸ್ಥೆಗೇ, ಕೊಡಬೇಕಿತ್ತು. ಮಂಡಳಿ ಕಾಫಿಯ ದರ್ಜೆ, ತೂಕ ನೋಡಿ ಹಾಕಿದ ಪಾಯಿಂಟ್ ಲೆಕ್ಕದಲ್ಲಿ ದುಡ್ಡನ್ನು ಕಂತು ಕಂತಾಗಿ ಕೊಡುತ್ತಿತ್ತು. 1990ರ ದಶಕದಲ್ಲಿ ಮುಕ್ತ ಮಾರಾಟ ಬಂತು. "ಆಗ ದುಡ್ಡು ತಡವಾಗಿ ಬರುತ್ತೆ ಅಂತ ಬೈಕೊಳ್ತಿದ್ವಿ ಕಣಮ್ಮಾ. ಆದ್ರೆ ಮಳೆಗಾಲದಲ್ಲೂ ಒಂದು ಕಂತು ಬರ್ತಿತ್ತು" ಅಂದರು. ಮುಕ್ತ ಮಾರಾಟ ಬೆಳೆಗಾರರಿಗೆ ಒಳ್ಳೆಯದೇ ಮಾಡಿದೆ, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಆ ಕಂತನ್ನು ಈಗ ನಾವೇ ಮಾಡಿಕೊಳ್ಳಬೇಕು ಅಂತ ನನಗೆ ಹೊಳೆದದ್ದು ಅವರ ಮಾತಿನಿಂದ.

2021ರ ಮಾರ್ಚ್‌ನಲ್ಲಿ ದುಡ್ಡು ಬಂದಾಗ ಮನೆಯಲ್ಲಿ ದೊಡ್ಡ ಮಾತುಕತೆ ಆಯಿತು. ಇವರು, "ಇರೋದನ್ನೆಲ್ಲ ಕೈಸಾಲಕ್ಕೆ ಕೊಟ್ಟುಬಿಡೋಣ, ಮಾನ ಉಳಿಯುತ್ತೆ" ಅಂದರು. ನಾನು ಒಪ್ಪಲಿಲ್ಲ. "ರೀ, ಇವತ್ತು ಕೊಟ್ಟು ಆಗಸ್ಟ್‌ನಲ್ಲಿ ಮತ್ತೆ ಅವರ ಮನೆ ಮೆಟ್ಟಿಲನ್ನೇ ಹತ್ತೋದಾದ್ರೆ ಯಾವ ಮಾನ ಉಳೀತು?" ಅಂದೆ. ಬಡ್ಡಿ ಜಾಸ್ತಿ ಇರುವ ಸಾಲವನ್ನು ಮೊದಲು ತೀರಿಸಬೇಕು, ಸರಿ. ಆದರೆ ಮಳೆಗಾಲದ ದುಡ್ಡು ತೆಗೆದಿಡದೆ ಸಾಲ ತೀರಿಸಲು ಹೋದರೆ ಅದೇ ಸಾಲ ಮತ್ತೆ ಹುಟ್ಟುತ್ತದೆ. ನಾನು ಯಾರಿಗಾದರೂ ಒಂದೇ ಮಾತು ಹೇಳಬೇಕಾದರೆ ಇದನ್ನೇ ಹೇಳುತ್ತೇನೆ.

ಹಾಗಾಗಿ ಮನೆಗೆ ಸಂಬಳ ಗೊತ್ತು ಮಾಡಿದೆವು. ತಿಂಗಳಿಗೆ 8,000. ಬ್ಯಾಂಕಿನಲ್ಲಿ ಸಣ್ಣ ಸಣ್ಣ ಠೇವಣಿ ಮಾಡಿಸಿದೆ. ಒಂದು ಜೂನ್‌ನಲ್ಲಿ ಕೈಗೆ ಬರುವ ಹಾಗೆ, ಒಂದು ಜುಲೈನಲ್ಲಿ, ಹೀಗೆ. ತೋಟದ ದುಡ್ಡಿಗೆ ಬೇರೆ ಠೇವಣಿ. ಜೂನ್‌ನಲ್ಲಿ ಗೊಬ್ಬರಕ್ಕೆ, ಸೆಪ್ಟೆಂಬರ್‌ನಲ್ಲಿ ಕಳೆಗೆ, ಡಿಸೆಂಬರ್‌ನಲ್ಲಿ ಬಟವಾಡೆಗೆ. ಬಡ್ಡಿ ಬರುತ್ತದೆ ಅಂತ ಮಾಡಿದ್ದಲ್ಲ. ಬೇಕೆಂದರೆ ಠೇವಣಿಯನ್ನು ನಡುವೆ ಮುರಿಸಬಹುದು. ಆದರೆ ಅದಕ್ಕೆ ಬ್ಯಾಂಕಿಗೆ ಹೋಗಿ ಸಹಿ ಹಾಕಬೇಕು. ಅಷ್ಟು ಅಡ್ಡಿ ಇದ್ದರೆ ಸಾಕು, ಅರ್ಧ ಆಸೆಗಳು ದಾರಿಯಲ್ಲೇ ಇಳಿದುಹೋಗುತ್ತವೆ.

ಮೆಣಸನ್ನೂ ಒಟ್ಟಿಗೆ ಮಾರುವುದು ಬಿಟ್ಟೆವು. ಚೆನ್ನಾಗಿ ಒಣಗಿಸಿ, ಒಳಗೆ ಪ್ಲಾಸ್ಟಿಕ್ ಇರುವ ಚೀಲದಲ್ಲಿ ಕಟ್ಟಿ, ಅಟ್ಟದ ಮೇಲೆ ಹಲಗೆ ಹಾಕಿ ಇಟ್ಟರೆ ಮೆಣಸು ಕೆಡುವುದಿಲ್ಲ. ನಮ್ಮ ಮಳೆಯಲ್ಲಿ ಥಂಡಿ ತಗುಲಿದರೆ ಬೂಷ್ಟು ಬರುತ್ತದೆ, ಹಾಗಾಗಿ ಬಿಸಿಲು ಬಿದ್ದ ದಿನ ತೆಗೆದು ನೋಡುತ್ತಿರಬೇಕು. ಒಂದು ಕ್ವಿಂಟಾಲ್ ಮಾರ್ಚ್‌ನಲ್ಲಿ, ಒಂದು ಆಗಸ್ಟ್‌ನಲ್ಲಿ, ಒಂದು ಡಿಸೆಂಬರ್‌ನಲ್ಲಿ ಮಾರಿದೆವು. ರೇಟು ಏರಿದಾಗ ಮಾರೋಣ ಅಂತ ಕಾಯುವ ಆಟ ನಮ್ಮದಲ್ಲ. ನಮಗೆ ದುಡ್ಡು ಬೇಕಾದ ತಿಂಗಳು ಮಾರುತ್ತೇವೆ.

ವ್ಯಾಪಾರಿಯ ಮುಂಗಡದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಕಡೆ ಎಷ್ಟೋ ಮನೆಗಳವರು ಇದನ್ನು ಸಾಲ ಅಂತ ಎಣಿಸುವುದೇ ಇಲ್ಲ. ಅದಕ್ಕೆ ಬಡ್ಡಿ ಇಲ್ಲ, ನಿಜ. ಆದರೆ ಮುಂಗಡ ಇಸ್ಕೊಂಡ ಮೇಲೆ ಬೆಳೆಯನ್ನು ಅವರಿಗೇ ಹಾಕಬೇಕು. ಔಟ್‌ಟರ್ನ್, ಅಂದರೆ ಚೆರ್ರಿಯಿಂದ ಎಷ್ಟು ಬೀಜ ಸಿಗುತ್ತದೆ ಅಂತ, ನೋಡುವವರೂ ಅವರೇ, ರೇಟು ಹೇಳುವವರೂ ಅವರೇ. ಹೊರಗಿನ ರೇಟಿಗೂ ಅವರು ಕೊಟ್ಟದ್ದಕ್ಕೂ ಚೀಲಕ್ಕೆ 200 ರೂಪಾಯಿ ವ್ಯತ್ಯಾಸ ಇತ್ತು. 40 ಚೀಲಕ್ಕೆ 8,000. ಆಗಸ್ಟ್‌ನಿಂದ ಫೆಬ್ರವರಿವರೆಗೆ ಆರು ತಿಂಗಳಿಗೆ, 50,000ದ ಮೇಲೆ 8,000. ವರ್ಷದ ಲೆಕ್ಕಕ್ಕೆ 32 ಪರ್ಸೆಂಟ್! ಕೈಸಾಲದ ಪಕ್ಕದಲ್ಲೇ ಕೂರುವ ಸಾಲ ಇದು. ಬಡ್ಡಿ ಅನ್ನುವ ಹೆಸರಿಲ್ಲ ಅಷ್ಟೆ. 2021ರ ಆಗಸ್ಟ್‌ನಲ್ಲಿ ಮೆಣಸು ಮಾರಿದ್ದರಿಂದ ಮುಂಗಡ ಬೇಕಾಗಲಿಲ್ಲ. ಮುಂದಿನ ಕುಯ್ಲಿಗೆ ಇಬ್ಬರು ಮೂವರ ಹತ್ತಿರ ರೇಟು ಕೇಳಿ ಮಾರಿದೆವು. ಇವರ ಮುಖದಲ್ಲಿ ಅವತ್ತು ಕಂಡ ಧೈರ್ಯವನ್ನು ಅದಕ್ಕೆ ಮುಂಚಿನ ವರ್ಷಗಳಲ್ಲಿ ನಾನು ನೋಡಿರಲಿಲ್ಲ.

ಚಿನ್ನವನ್ನು ಖಾಸಗಿಯವರಿಂದ ಬಿಡಿಸಿ ಬ್ಯಾಂಕಿಗೆ ಇಟ್ಟೆವು. ಬ್ಯಾಂಕಿನಲ್ಲಿ ಆಗ ವರ್ಷಕ್ಕೆ 9 ಪರ್ಸೆಂಟ್ ಆಸುಪಾಸು ಇತ್ತು. 80,000ಕ್ಕೆ 19,200 ಇದ್ದ ಬಡ್ಡಿ 7,200ಕ್ಕೆ ಇಳಿಯಿತು. ತೊಡಕು ಏನೆಂದರೆ, ಬ್ಯಾಂಕಿನವರು ಒಡವೆ ಕೈಗೆ ಕೊಟ್ಟರೆ ಮಾತ್ರ ಸಾಲ ಕೊಡುತ್ತಾರೆ. ಖಾಸಗಿಯವರು ದುಡ್ಡು ಕೊಟ್ಟರೆ ಮಾತ್ರ ಒಡವೆ ಬಿಡುತ್ತಾರೆ. ನನ್ನ ತಮ್ಮನನ್ನು ಕೇಳಿದೆ. "ಒಂದು ದಿನಕ್ಕೆ ತಾನೇ ಅಕ್ಕ, ನಾನೇ ಬರ್ತೀನಿ" ಅಂದ. ಬೆಳಿಗ್ಗೆ ಅವನ ದುಡ್ಡು ಕೊಟ್ಟು ಒಡವೆ ಬಿಡಿಸಿದೆವು. ಅಲ್ಲಿಂದ ಸೀದಾ ಮೂಡಿಗೆರೆಯ ಬ್ಯಾಂಕಿಗೆ ಹೋದೆವು. ತೂಕ ಹಾಕಿಸಿ, ಒರೆಗೆ ಹಚ್ಚಿಸಿ, ಸಹಿ ಮಾಡಿ ಮುಗಿಯುವಾಗ ಊಟದ ಹೊತ್ತು ಮೀರಿತ್ತು. ಅದೇ ಸಂಜೆ ಅವನ ದುಡ್ಡು ಅವನ ಖಾತೆಗೆ ಹೋಯಿತು. ಒಂದು ದಿನದ ಓಡಾಟಕ್ಕೆ ವರ್ಷಕ್ಕೆ 12,000 ಉಳಿತಾಯ. ಚಿನ್ನ ಹೊರಗೆ ಅಡ ಇಟ್ಟಿರುವವರು ದಯವಿಟ್ಟು ಇದನ್ನು ಮೊದಲು ಮಾಡಿ.

ವಾರದ ಕಂತಿನ ಸಾಲವನ್ನು ಹೊಲಿಗೆ ದುಡ್ಡಲ್ಲಿ ಮುಗಿಸಿದೆ, ಮತ್ತೆ ತೆಗೆಯಲಿಲ್ಲ. ವರ್ಷಕ್ಕೊಮ್ಮೆ ದುಡ್ಡು ಕಾಣುವ ಮನೆಗೆ ವಾರ ವಾರ ಕಟ್ಟುವ ಸಾಲ ಒಗ್ಗುವುದಿಲ್ಲ. ಈಗಲೂ ಅದರಲ್ಲಿ ಸಿಕ್ಕಿರುವ ಅಕ್ಕತಂಗಿಯರು ಒಂದು ವಿಷಯ ತಿಳಿದಿರಲಿ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಮೈಕ್ರೋ ಫೈನಾನ್ಸ್‌ನವರು ವಸೂಲಿಗೆ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಕರೆ ಮಾಡುವಂತಿಲ್ಲ. ಕಿರುಕುಳ ತಡೆಯಲು ನಮ್ಮ ರಾಜ್ಯದಲ್ಲೇ 2025ರಲ್ಲಿ ಕಾನೂನು ಬಂದಿದೆ. ಹೆದರಿಕೊಂಡು ಇನ್ನೊಂದು ಕಡೆ ಸಾಲ ಮಾಡಿ ಕಟ್ಟಬೇಡಿ.

ಇನ್ನು ಅಂಗಡಿ ಉದ್ರಿ. ಒಂದು ತಿಂಗಳ ಉದ್ರಿ ಪುಸ್ತಕ ತೆರೆದು ಕೂತೆ. ಸಕ್ಕರೆ, ಬಿಸ್ಕತ್ತು. ಸೋಪು, ಬಿಸ್ಕತ್ತು, ಮಿಕ್ಸ್ಚರ್. ಎಣ್ಣೆ ಒಂದು ಲೀಟರ್, ಚಿಪ್ಸು, ಬಿಸ್ಕತ್ತು. ಮಕ್ಕಳನ್ನು ಒಂದು ಸಾಮಾನಿಗೆ ಕಳಿಸಿದರೆ ಮೂರು ಬರುತ್ತಿತ್ತು. ಕೈಯಿಂದ ದುಡ್ಡು ಹೋಗುವುದು ಕಾಣದಿದ್ದರೆ ಯಾರೇ ಆಗಲಿ ಹಾಗೇ ತರುತ್ತಾರೆ. ಅಂಗಡಿಯಣ್ಣನಿಗೆ ಹೇಳಿದೆ, "ಹಳೇದನ್ನ ತಿಂಗಳಿಗೆ ಸಾವಿರ ಕೊಡ್ತೀನಿ ಅಣ್ಣಾ. ಹೊಸದಾಗಿ ಬರೀಬೇಡಿ, ಮಕ್ಕಳು ಬಂದ್ರೂ ಬರೀಬೇಡಿ." ಅವರು ಖುಷಿಯಿಂದಲೇ ಒಪ್ಪಿದರು. ಬೇಳೆ, ಬೆಲ್ಲ, ಹುಣಸೆಹಣ್ಣು, ಒಣಮೆಣಸಿನಕಾಯಿ ಮಳೆಗಾಲಕ್ಕೆ ಆಗುವಷ್ಟು ಮಾರ್ಚ್, ಏಪ್ರಿಲ್‌ನಲ್ಲೇ ತಂದಿಡುತ್ತೇನೆ. ಬಿಡಿ ಸಾಮಾನಿಗೆ ಇವತ್ತಿಗೂ ಅವರ ಅಂಗಡಿಯೇ. ಆ ಮಳೆ ವರ್ಷ ನಮಗೆ ಅಕ್ಕಿ ಕೊಟ್ಟ ಮನುಷ್ಯ, ಅವರನ್ನು ಬಿಡಲು ಮನಸ್ಸು ಬರಲಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸಂತೆಗೆ ನಾನೇ ಬಸ್ಸಿನಲ್ಲಿ ಹೋಗುತ್ತೇನೆ. ಗೃಹಲಕ್ಷ್ಮಿಯ 2,000 ಬಂದ ತಿಂಗಳು ಅದನ್ನು ಮನೆ ಖರ್ಚಿಗೆ ಸೇರಿಸದೆ ಮಗಳ ಫೀಸಿಗೆ ಎತ್ತಿಡುತ್ತೇನೆ.

ಇವರ ಫೋನಿನ ಯುಪಿಐಯನ್ನು ದೊಡ್ಡ ಖಾತೆಯಿಂದ ತೆಗೆಸಿ, ತಿಂಗಳ ಸಂಬಳ ಬೀಳುವ ಖಾತೆಗೆ ಜೋಡಿಸಿದೆವು. ಮೊದಲು ಗೊಣಗಿದರು. ಈಗ ಅವರೇ ಬೇರೆಯವರಿಗೆ ಹೇಳುತ್ತಾರೆ.

ಎಲ್ಲಕ್ಕಿಂತ ಕಷ್ಟ ಅನಿಸಿದ್ದು ಮುಯ್ಯಿ. ಏಪ್ರಿಲ್, ಮೇ ಬಂತೆಂದರೆ ಮದುವೆ, ಗೃಹಪ್ರವೇಶ ಒಂದರ ಮೇಲೊಂದು. ಛತ್ರದ ಬಾಗಿಲಲ್ಲಿ ನಿಂತು ಕವರಿಗೆ ಎಷ್ಟು ಹಾಕೋಣ ಅಂತ ಯೋಚಿಸಿದರೆ ಕೈ ಮೇಲಕ್ಕೇ ಹೋಗುತ್ತದೆ. ಅದಕ್ಕೆ ಫೆಬ್ರವರಿಯಲ್ಲೇ ಕೂತು ಬರೆದೆವು. ಒಡಹುಟ್ಟಿದವರ ಮಕ್ಕಳಿಗೆ ಇಷ್ಟು, ದಾಯಾದಿಗಳಿಗೆ ಇಷ್ಟು, ಊರಿನವರಿಗೆ ಇಷ್ಟು, ವರ್ಷಕ್ಕೆ ಒಟ್ಟು 15,000. ಮೊದಲ ವರ್ಷ ನನ್ನ ಚಿಕ್ಕಮ್ಮನ ಮಗಳ ಮದುವೆಗೆ ಕಡಿಮೆ ಹಾಕಿದ್ದಕ್ಕೆ ಹೊಟ್ಟೆಯಲ್ಲಿ ಸಂಕಟ ಆಯಿತು. ಹಿಂದಿನ ದಿನವೇ ಹೋಗಿ ಅಡುಗೆಮನೆಯಲ್ಲಿ ನಿಂತು ಕೆಲಸ ಮಾಡಿದೆ. ಆ ಮನೆಯವರು ಇವತ್ತಿಗೂ ನೆನೆಸುವುದು ಅದನ್ನು.

ಕೈಸಾಲದವರಿಗೆ ಪೂರ್ತಿ ಒಟ್ಟಿಗೆ ಬೇಕಿತ್ತು. ಅಸಲಿಗೆ ಸ್ವಲ್ಪ ಸ್ವಲ್ಪ ಜಮಾ ಮಾಡುತ್ತೇವೆ ಅಂತ ಕೇಳಿ ಒಪ್ಪಿಸಿದೆವು. ಕೊಟ್ಟಾಗಲೆಲ್ಲ ಪ್ರೋನೋಟಿನ, ಅಂದರೆ ಸಾಲಕ್ಕೆ ಬರೆದುಕೊಟ್ಟ ಪತ್ರದ, ಹಿಂದೆ ತಾರೀಕು, ಮೊತ್ತ ಬರೆಸಿ ಸಹಿ ಹಾಕಿಸಿದೆವು. ಎಷ್ಟೇ ಆತ್ಮೀಯರಾದರೂ ಇದನ್ನು ಬಿಡಬಾರದು. 2023ರಲ್ಲಿ ಕೊನೆಯ ಕಂತು ಕೊಟ್ಟು ಪ್ರೋನೋಟು ವಾಪಸ್ ತಂದೆವು.

2024ರಲ್ಲಿ ರೋಬಸ್ಟಾ ಚೆರ್ರಿ ಚೀಲಕ್ಕೆ 10,000 ದಾಟಿತು. ಹಿಂದೆಂದೂ ಕಾಣದ ರೇಟು. ನಾವು ಅಷ್ಟರಲ್ಲಿ ಬೆಳೆ ಮಾರಿ ಆಗಿತ್ತು, ಆದರೂ ಹಿಂದಿಗಿಂತ ಎರಡು ಪಟ್ಟಿಗೂ ಜಾಸ್ತಿ ಸಿಕ್ಕಿತು. ಚಿನ್ನ ಬಿಡಿಸಿಕೊಂಡೆವು. ಸಾಮಾನುಗಳ ಬೆಲೆ ಏರಿದ್ದಕ್ಕೆ ಮನೆಯ ಸಂಬಳವನ್ನು 10,000 ಮಾಡಿದೆವು, ಅದಕ್ಕಿಂತ ಮೇಲೆ ಹೋಗಲಿಲ್ಲ. ಉಳಿದದ್ದನ್ನು ಎರಡು ಮಳೆಗಾಲಕ್ಕೆ ಆಗುವ ಹಾಗೆ ಠೇವಣಿ ಇಟ್ಟೆವು. ಕಾಫಿ ರೇಟು ಇಳಿಯುವುದನ್ನು ನಾವು ಕಣ್ಣಾರೆ ಕಂಡವರು.

ಸೊಸೈಟಿ ಸಾಲ ಇಟ್ಟುಕೊಂಡಿದ್ದೇವೆ. ಅದಕ್ಕೆ ಬಡ್ಡಿ ಇಲ್ಲ, ಗಡುವಿನೊಳಗೆ ಕಟ್ಟಿದರೆ ಮಾತ್ರ. 2023ರಲ್ಲಿ ಸರ್ಕಾರ ಶೂನ್ಯ ಬಡ್ಡಿಯ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ನಾವು 1,50,000ದಲ್ಲೇ ಇದ್ದೇವೆ. ಆ ದುಡ್ಡು ಗೊಬ್ಬರಕ್ಕೆ, ಕೊಳೆ ರೋಗ ತಡೆಯುವ ಬೋರ್ಡೋ ದ್ರಾವಣದ ಸಿಂಪಡಣೆಗೆ, ಬಟವಾಡೆಗೆ ಮಾತ್ರ. ಕುಯ್ಲು ಮುಗಿದು ಮಾರಿದ ಮೊದಲ ಚೀಲಗಳ ದುಡ್ಡು ಸೊಸೈಟಿಗೆ ಹೋಗುತ್ತದೆ. ಅದು ಕಟ್ಟಿದ ಮೇಲೆ ನಾನು ಹೊಸ ನೋಟ್‌ಬುಕ್ ತೆಗೆದು ಜೂನ್ ತಿಂಗಳಿಂದ ಬರೆಯಲು ಶುರು ಮಾಡುತ್ತೇನೆ.