ನಾನೂ ಅವ್ವನೂ ಕಾಲೇಜು ನೋಡಲು ಹೋಗಿದ್ದು

ನಮ್ಮ ಹೊಲದ ಬೋರಿನ ಮೋಟಾರು ವರ್ಷಕ್ಕೆ ಒಂದು ಸಲವಾದರೂ ಸುಡುತ್ತಿತ್ತು. ಮೂರು ಫೇಸಿನಲ್ಲಿ ಒಂದು ಹೋದರೂ ಓಡುವ ಮೋಟಾರು ನಿಲ್ಲುವುದಿಲ್ಲ. ಉಳಿದೆರಡರ ಮೇಲೆ ಭಾರ ಬಿದ್ದು ವೈಂಡಿಂಗ್ ಕಾಯುತ್ತ ಹೋಗಿ ಕೊನೆಗೆ ಸುಟ್ಟ ವಾಸನೆ. ಅಪ್ಪ ಅದನ್ನು ಮೇಲೆತ್ತಿಸಿ ತಾಲೂಕಿಗೆ ಒಯ್ದು ರಿವೈಂಡಿಂಗ್ ಮಾಡಿಸುವಾಗ ನಾನು ಅಂಗಡಿಯ ಕಟ್ಟೆ ಮೇಲೆ ಕೂತು, ಕರಿ ಬಿದ್ದ ತಂತಿ ಕಿತ್ತು ಹೊಸ ತಾಮ್ರದ ಸುರುಳಿ ಕೂರಿಸುವುದನ್ನು ನೋಡುತ್ತಿದ್ದೆ. ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಬೇಕು ಅಂತ ತಲೆಗೆ ಹೊಕ್ಕಿದ್ದು ಅಲ್ಲಿ. ಸೋದರಮಾವ ಮಾತ್ರ, "ಎಲ್ಲಾರೂ ಕಂಪ್ಯೂಟರ್ ತಗೊಂತಾರ, ನೀ ಏನು ಕಂಬ ಹತ್ತಾಕಿ ಏನ?" ಅಂತ ನಕ್ಕಿದ್ದ.

ಈಗ ನಾನು ಮೈಸೂರಿನಲ್ಲಿ ಎಲೆಕ್ಟ್ರಿಕಲ್ ಮೂರನೇ ವರ್ಷ. ಹಾವೇರಿ ಜಿಲ್ಲೆಯ ಹಳ್ಳಿಯಿಂದ ಇಲ್ಲಿಗೆ ಬಂದದ್ದು 2023ರಲ್ಲಿ. ಊರಿನ ಹುಡುಗಿಯರು ಫೋನ್ ಮಾಡಿ "ಅಕ್ಕಾ, ನೀ ಹೆಂಗ್ ಆರಿಸಿದಿ?" ಅಂತ ಕೇಳುತ್ತಲೇ ಇರುತ್ತಾರೆ. ಪ್ರತಿಯೊಬ್ಬರಿಗೂ ಅರ್ಧ ತಾಸು ಹೇಳುವ ಬದಲು ಒಂದೇ ಸಲ ಬರೆದುಬಿಡುತ್ತೇನೆ.

ಮೊದಲ ಕೆಲಸ ಕಾಗದಪತ್ರ. ಬೇಸರದ್ದು, ಆದರೆ ಎಲ್ಲಕ್ಕಿಂತ ಮೊದಲು ಮುಗಿಸಬೇಕಾದ್ದು. ಒಂದರಿಂದ ಹತ್ತನೆಯವರೆಗೆ ಹಳ್ಳಿಯಲ್ಲೇ ಓದಿದವರಿಗೆ ಶೇ 15ರ ಗ್ರಾಮೀಣ ಮೀಸಲಾತಿ, ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5ರ ಮೀಸಲಾತಿ ವೃತ್ತಿಪರ ಕೋರ್ಸುಗಳ ಪ್ರವೇಶ ಪರೀಕ್ಷೆಯಾದ ಸಿಇಟಿಯ ಸೀಟುಗಳಲ್ಲಿದೆ. ನನಗೆ ಎರಡೂ ಬರುತ್ತಿತ್ತು. ಆದರೆ ಏಳನೆಯವರೆಗೆ ಒಂದು ಶಾಲೆ, ಆಮೇಲೆ ಪಕ್ಕದ ಊರಿನ ಹೈಸ್ಕೂಲು. ಎರಡೂ ಕಡೆಯಿಂದ ವ್ಯಾಸಂಗ ಪ್ರಮಾಣಪತ್ರ ಬೇಕು, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಓ) ಮೇಲುಸಹಿ ಬೇಕು. ಪ್ರೈಮರಿ ಶಾಲೆಯ ರಿಜಿಸ್ಟರಿನಲ್ಲಿ ನನ್ನ ಹೆಸರಿನ ಮುಂದೆ ಅಜ್ಜನ ಹೆಸರು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಪ್ಪನ ಹೆಸರು! ಯಾರೋ ಮೇಷ್ಟ್ರು ಸೇರಿಸಿಕೊಳ್ಳುವಾಗ ಕೇಳಿಸಿಕೊಂಡದ್ದನ್ನು ಬರೆದಿದ್ದರು. ಅದನ್ನು ಸರಿ ಮಾಡಿಸಲು ನಾಲ್ಕು ಸಲ ಓಡಾಡಿದೆ. ಅದೃಷ್ಟಕ್ಕೆ ಇದು ಗೊತ್ತಾಗಿದ್ದು ಏಪ್ರಿಲ್‌ನಲ್ಲಿ. ಫಲಿತಾಂಶ ಬಂದ ಮೇಲೆ ಗೊತ್ತಾಗಿದ್ದರೆ ಮೀಸಲಾತಿಗೆ ಕೈಮುಗಿಯಬೇಕಿತ್ತು. ಜಾತಿ-ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ನಂಬರನ್ನೂ ಆಗಲೇ ಸರಿಯಾಗಿದೆಯೇ ನೋಡಿಟ್ಟುಕೊಳ್ಳಿ.

ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ನನಗೆ ಪಿಯುಸಿ ಚೆನ್ನಾಗಿ ಆಗಿತ್ತು, ಸಿಇಟಿ ಸುಮಾರು. ಬಂದ ರ‍್ಯಾಂಕು ಹಿಗ್ಗುವಂಥದ್ದೂ ಅಲ್ಲ, ಅಳುವಂಥದ್ದೂ ಅಲ್ಲ.

ಆಮೇಲೆ ಒಂದು ವಾರ ಫೋನಿನಲ್ಲಿ ಪಿಡಿಎಫ್ ಓದಿದೆ. ಪರೀಕ್ಷಾ ಪ್ರಾಧಿಕಾರ ಹಿಂದಿನ ವರ್ಷದ ಕಟಾಫ್ ಪಟ್ಟಿ, ಅಂದರೆ ಯಾವ ಕಾಲೇಜಿನ ಸೀಟು ಎಷ್ಟನೇ ರ‍್ಯಾಂಕಿನ ತನಕ ಹೋಯಿತು ಅನ್ನುವ ಪಟ್ಟಿ, ಹಾಕಿರುತ್ತದೆ. ಅದರಲ್ಲಿ ಕೆಟಗರಿಯ ಕೊನೆಗೆ ಜಿ ಇದ್ದರೆ ಸಾಮಾನ್ಯ, ಕೆ ಇದ್ದರೆ ಕನ್ನಡ ಮಾಧ್ಯಮ, ಆರ್ ಇದ್ದರೆ ಗ್ರಾಮೀಣ. ಎರಡು ದಿನ ನಾನು ಜಿ ಕಾಲಮ್ಮೇ ನೋಡುತ್ತ, ಯಾವುದೂ ಸಿಗುವುದಿಲ್ಲ ಅಂತ ಊಟ ಬಿಟ್ಟು ಕೂತಿದ್ದೆ. ಆರ್ ಕಾಲಮ್ಮು ನೋಡಿದ ಮೇಲೆ ಹಸಿವಾಯಿತು. ಸೀಟು ಹಂಚಿಕೆಯ ಮೊದಲ ಸುತ್ತಿನ ಪಟ್ಟಿಯ ಜೊತೆಗೆ ಕೊನೆ ಸುತ್ತಿನದನ್ನೂ ನೋಡಬೇಕು, ಎರಡರ ನಡುವೆ ಒಳ್ಳೆ ಅಂತರ ಇರುತ್ತದೆ.

ಜಾಹೀರಾತಿಗಿಂತ ಹೆಚ್ಚು ಮಾತಾಡಿದ್ದು ಇನ್ನೊಂದು ಪಿಡಿಎಫ್. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗಿಗೆ ಕಾಲೇಜುಗಳು ಕೊಟ್ಟ ಮಾಹಿತಿ ಬಹಿರಂಗವಾಗಿಯೇ ಇರುತ್ತದೆ. ಮೊದಲ ವರ್ಷಕ್ಕೆ ಎಷ್ಟು ಜನ ಸೇರಿದರು, ನಾಲ್ಕೇ ವರ್ಷಕ್ಕೆ ಎಷ್ಟು ಜನ ಮುಗಿಸಿದರು, ಎಷ್ಟು ಜನಕ್ಕೆ ಕೆಲಸ ಸಿಕ್ಕಿತು, ಮೀಡಿಯನ್ ಸಂಬಳ ಎಷ್ಟು. ಕೆಲಸ ಸಿಕ್ಕವರನ್ನೆಲ್ಲ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಂತವರ ಸಂಬಳವೇ ಮೀಡಿಯನ್. ಫ್ಲೆಕ್ಸಿನಲ್ಲಿ ಹಾರ ಹಾಕಿಸಿಕೊಂಡ ಒಬ್ಬ ಹುಡುಗನ ಲಕ್ಷಗಟ್ಟಲೆ ಪ್ಯಾಕೇಜು ಆ ಸಾಲಿನ ತುದಿಯಲ್ಲಿ ಇರುತ್ತದೆ. ಸೇರಿದವರೆಷ್ಟು, ಹೊತ್ತಿಗೆ ಸರಿಯಾಗಿ ಮುಗಿಸಿದವರೆಷ್ಟು ಎಂಬ ಎರಡು ಅಂಕಿಯ ನಡುವಿನ ವ್ಯತ್ಯಾಸ ನೋಡಿದರೆ ಆ ಕಾಲೇಜಿನಲ್ಲಿ ಪಾಠ ಹೇಗೆ ನಡೆಯುತ್ತದೆ ಅನ್ನುವುದು ಅರ್ಧ ಗೊತ್ತಾಗುತ್ತದೆ. ಎಲ್ಲ ಕಾಲೇಜೂ ಇದರಲ್ಲಿ ಇರುವುದಿಲ್ಲ, ಬ್ರಾಂಚುವಾರು ಲೆಕ್ಕವೂ ಸಿಗುವುದಿಲ್ಲ. ಬ್ರಾಂಚಿನ ಮಟ್ಟಿಗೆ, ಗುಣಮಟ್ಟ ನೋಡುವ ರಾಷ್ಟ್ರೀಯ ಸಂಸ್ಥೆಯಾದ ಎನ್‌ಬಿಎ ಮಾನ್ಯತೆ ನೋಡಿದೆ. ನ್ಯಾಕ್ ಅನ್ನುವ ಇನ್ನೊಂದು ಮಾನ್ಯತೆ ಇಡೀ ಕಾಲೇಜಿಗೆ ಕೊಡುವಂಥದ್ದು, ಎನ್‌ಬಿಎ ಒಂದೊಂದು ಬ್ರಾಂಚಿಗೆ, ಇಂತಿಷ್ಟು ವರ್ಷಕ್ಕೆ ಅಂತ. ಒಂದು ಕಾಲೇಜಿನ ಗೇಟಿನ ಮೇಲೆ "ಎನ್‌ಬಿಎ ಮಾನ್ಯತೆ ಪಡೆದ" ಅಂತ ದೊಡ್ಡದಾಗಿ ಬರೆದಿತ್ತು. ಹುಡುಕಿದರೆ ಎಲೆಕ್ಟ್ರಿಕಲ್ ಆ ಪಟ್ಟಿಯಲ್ಲೇ ಇರಲಿಲ್ಲ.

ಇಷ್ಟೆಲ್ಲ ಆದ ಮೇಲೂ ಕಣ್ಣಾರೆ ನೋಡದೆ ಯಾವ ಕಾಲೇಜಿನ ಹೆಸರನ್ನೂ ಹಾಕುವುದಿಲ್ಲ ಅಂತ ಹಟ ಮಾಡಿದೆ. ಅಪ್ಪನಿಗೆ ಬಿತ್ತನೆ ದಿನ. ಬಸ್ ಖರ್ಚಿನ ಮಾತು ಬರುವುದರೊಳಗೆ ಅವ್ವ, "ನಾವಿಬ್ರೂ ಹೆಣ್ಮಕ್ಳು, ಟಿಕೆಟ್ ಇಲ್ಲಲ್ಲ, ನಡಿ" ಅಂದಳು. ಶಕ್ತಿ ಯೋಜನೆ ಅದೇ ಜೂನ್ 11ಕ್ಕೆ ಶುರುವಾಗಿತ್ತು. ಹುಬ್ಬಳ್ಳಿ, ದಾವಣಗೆರೆ, ಹಾಸನ, ಮೈಸೂರು ನಾಲ್ಕೂ ಊರನ್ನು ನಾವು ಆಧಾರ್ ಕಾರ್ಡು ತೋರಿಸಿಕೊಂಡೇ ನೋಡಿ ಬಂದೆವು. ಬಸ್ಸಿನಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ, ಅದು ಬೇರೆ ಮಾತು. ಹಾಸನದ ತನಕ ಅವ್ವ ರೊಟ್ಟಿ ಗಂಟಿನ ಮೇಲೆ ಕೂತೇ ಬಂದಳು.

ಮೊದಲ ಕಾಲೇಜಿಗೆ ಹೋದದ್ದು ಬೆಳಿಗ್ಗೆ ಹತ್ತಕ್ಕೆ. ಸೂಟು ಹಾಕಿದ ಒಬ್ಬರು ಎಸಿ ಕೋಣೆಯಲ್ಲಿ ಕೂರಿಸಿ ಬಣ್ಣದ ಪುಸ್ತಕ ಕೊಟ್ಟರು. ಗ್ರಂಥಾಲಯ, ಸಭಾಂಗಣ, ಜಿಮ್ಮು ತೋರಿಸಿದರು. "ಮಷೀನ್ಸ್ ಲ್ಯಾಬ್ ನೋಡಬಹುದಾ ಸರ್?" ಅಂದೆ. ಕೀಲಿ ಇರುವವರು ರಜೆ ಅಂದರು. ಕಿಟಕಿಯಿಂದ ಇಣುಕಿದೆ. ಮೋಟಾರುಗಳ ಮೇಲೆ ಪ್ಲಾಸ್ಟಿಕ್ ಹಾಳೆ, ಹಾಳೆಯ ಮೇಲೆ ದೂಳು, ದೂಳಿನಲ್ಲಿ ಬೆಕ್ಕಿನ ಹೆಜ್ಜೆ.

ಅವತ್ತಿನಿಂದ ನಾವು ಮಧ್ಯಾಹ್ನವೇ ಹೋಗತೊಡಗಿದೆವು. ಊಟ ಆದ ಮೇಲಿನ ಎರಡು-ಮೂರು ತಾಸು ಲ್ಯಾಬಿನ ಹೊತ್ತು. ತೋರಿಸುವವರೂ ಆ ಹೊತ್ತಿಗೆ ದಣಿದಿರುತ್ತಾರೆ, ಯಾರೂ ನಮ್ಮನ್ನು ಗಮನಿಸುವುದಿಲ್ಲ. ಮೈಸೂರಿನ ಈ ಕಾಲೇಜಿನಲ್ಲಿ ಕಟ್ಟಡ ಹಳೆಯದು, ಗೋಡೆಯ ಬಣ್ಣ ಉದುರುತ್ತಿತ್ತು. ಆದರೆ ಲ್ಯಾಬಿನ ಬಾಗಿಲು ತೆರೆದಿತ್ತು, ಒಳಗಿನಿಂದ ಗುಂಯ್ ಅನ್ನುವ ಸದ್ದು. ಡಿಸಿ ಮೋಟಾರಿನ ಲೋಡ್ ಟೆಸ್ಟ್ ನಡೆದಿತ್ತು. ಮೋಟಾರಿನ ತುದಿಗೆ ಬ್ರೇಕ್ ಡ್ರಮ್ಮು, ಅದರ ಸುತ್ತ ಬಿಗಿದ ಪಟ್ಟಿ, ಎರಡು ಕಡೆ ಸ್ಪ್ರಿಂಗ್ ತಕ್ಕಡಿ. ಒಬ್ಬಳು ತಕ್ಕಡಿ ಓದಿ ಕೂಗುತ್ತಿದ್ದಳು, ಇನ್ನೊಬ್ಬಳು ಬರೆದುಕೊಳ್ಳುತ್ತಿದ್ದಳು, ಮೂರನೆಯವಳು ಡ್ರಮ್ಮು ಕಾಯದಂತೆ ಚೊಂಬಿನಲ್ಲಿ ನೀರು ಹಾಕುತ್ತಿದ್ದಳು. ನೀರು ಬಿದ್ದಾಗ ಚುಂಯ್ ಅಂತ ಹಬೆ ಎದ್ದು, ಕಾದ ಪಟ್ಟಿಯ ವಾಸನೆ ಬಾಗಿಲ ತನಕ ಬಂತು. "ಇದು ನಮ್ಮ ರಿವೈಂಡಿಂಗ್ ಅಂಗಡಿ ನಾತನ ಬಿಡು" ಅಂದಳು ಅವ್ವ.

ಆ ಹುಡುಗಿಯರು ಹೊರಗೆ ಬರುವ ತನಕ ಕಾದೆವು. ಆಫೀಸಿನಲ್ಲಿ ಕೇಳಿದರೆ ಎಲ್ಲ ಚೆನ್ನಾಗಿದೆ ಅನ್ನುತ್ತಾರೆ. ಮೂರನೇ ವರ್ಷದವರನ್ನು ಕೇಳಬೇಕು, ಅವರಿಗೆ ಕಾಲೇಜಿನ ಮೇಲೆ ಮೊದಲಿನ ಮೋಹವೂ ಇರುವುದಿಲ್ಲ, ಬಿಟ್ಟುಹೋಗುವಾಗಿನ ಮಮತೆಯೂ ಇನ್ನೂ ಬಂದಿರುವುದಿಲ್ಲ. ಚೆನ್ನಾಗಿದೆಯಾ ಅಂತ ಮಾತ್ರ ಕೇಳಬೇಡಿ. ನಾನು ಕೇಳಿದ್ದು ಇಷ್ಟು: ಹೋದ ವಾರ ಎಷ್ಟು ಕ್ಲಾಸು ನಡೆಯಲಿಲ್ಲ? ಒಂದು ಮಷೀನಿನ ಹತ್ತಿರ ಎಷ್ಟು ಜನ ನಿಲ್ಲುತ್ತೀರಿ? ಎಲೆಕ್ಟ್ರಿಕಲ್‌ನವರನ್ನು ಸಾಫ್ಟ್‌ವೇರ್ ಬಿಟ್ಟು ಬೇರೆ ಯಾವ ಕಂಪನಿ ತಗೊಂಡಿತು? ಅವರಲ್ಲೊಬ್ಬಳು ಗೊಣಗುತ್ತಲೇ ಎಲ್ಲ ಹೇಳಿದಳು. ವೈಫೈ ದಂಡ, ಕ್ಯಾಂಟೀನ್ ದುಬಾರಿ, ಆದರೆ ಮಷೀನ್ಸ್ ಕಲಿಸುವ ಮೇಡಂ ವೈರಿಂಗ್ ನಾವೇ ಮಾಡುವ ತನಕ ಮನೆಗೆ ಬಿಡುವುದಿಲ್ಲ. ನನಗೆ ಅಷ್ಟು ಸಾಕಾಯಿತು.

ಅಷ್ಟರಲ್ಲಿ ಅವ್ವ ಎಲ್ಲೋ ಕಾಣೆ. ಹುಡುಕಿದರೆ ಲೇಡೀಸ್ ಹಾಸ್ಟೆಲ್ಲಿನ ಅಡುಗೆಮನೆಯ ಹಿಂದೆ ಪಾತ್ರೆ ತೊಳೆಯುವವರ ಜೊತೆ ಮಾತಿಗೆ ಕೂತಿದ್ದಳು. ನೀರು ಎಷ್ಟು ಹೊತ್ತಿಗೆ ಬರುತ್ತದೆ, ಮಿಕ್ಕಿದ ಅನ್ನ ಏನು ಮಾಡುತ್ತಾರೆ, ಜ್ವರ ಬಂದರೆ ಯಾರು ನೋಡುತ್ತಾರೆ ಎಲ್ಲ ವಿಚಾರಿಸಿದ್ದಳು. ವಾರ್ಡನ್ ಹತ್ತಿರ ಅರ್ಧ ದಿನ ಕೂತರೂ ನನಗೆ ಅಷ್ಟು ತಿಳಿಯುತ್ತಿರಲಿಲ್ಲ.

ಬೇಕಾದ ಕಾಲೇಜು-ಬ್ರಾಂಚುಗಳನ್ನು ಕ್ರಮವಾಗಿ ತುಂಬುವ ಆಪ್ಷನ್ ಎಂಟ್ರಿಯಲ್ಲಿ ಎರಡು ತಪ್ಪು ಮಾಡಿದೆ. ಕಟಾಫ್ ಭಯಕ್ಕೆ, ಖಂಡಿತ ಸಿಗುವ ಕಾಲೇಜನ್ನು ಮೊದಲು ಹಾಕಿ, ಬೇಕಾದದ್ದನ್ನು ಆಮೇಲೆ ಹಾಕಿದೆ. ನಿಜವಾದ ಸುತ್ತಿಗೆ ಮೊದಲು ನಡೆಯುವ ಅಣಕು ಹಂಚಿಕೆಯಲ್ಲಿ ಒಂದನೇ ಆಪ್ಷನ್ನೇ ಬಂತು. ಮನೆಯಲ್ಲಿ ಎಲ್ಲರೂ ಖುಷಿ, ನನಗೆ ಗಂಟಲು ಕಟ್ಟಿತು. ಪಿಯು ಉಪನ್ಯಾಸಕರು ಬಿಡಿಸಿ ಹೇಳಿದರು: ಕಂಪ್ಯೂಟರು ನಿನ್ನ ರ‍್ಯಾಂಕಿನ ಸರದಿ ಬಂದಾಗ ನಿನ್ನ ಪಟ್ಟಿಯನ್ನು ಮೇಲಿನಿಂದ ಓದುತ್ತದೆ, ಸಿಕ್ಕ ಮೊದಲನೆಯದನ್ನು ಕೊಟ್ಟು ನಿಲ್ಲುತ್ತದೆ. ಸಿಗದ ಕಾಲೇಜನ್ನು ಮೇಲೆ ಬರೆದರೆ ಕೆಳಗಿನದೇನೂ ಕೈತಪ್ಪುವುದಿಲ್ಲ. ಪಟ್ಟಿಯನ್ನು ಪೂರ್ತಿ ತಿರುಗಿಸಿದೆ. ಇನ್ನೊಂದು ತಪ್ಪು, ಸೈಬರ್ ಅಂಗಡಿಯವನ ಕೈಗೆ ಕೆಲಸ ಕೊಟ್ಟದ್ದು. ಒಂದೇ ಊರಿನ ಎರಡು ಕಾಲೇಜಿನ ಹೆಸರು ಹೆಚ್ಚು ಕಡಿಮೆ ಒಂದೇ, ಅವನು ಬೇರೆ ಕೋಡ್ ಒತ್ತಿದ್ದ. ಪ್ರಿಂಟ್ ತೆಗೆಸಿ ಮನೆಯಲ್ಲಿ ಒಂದೊಂದೇ ಸಾಲು ಬೆರಳಿಟ್ಟು ಓದಿದ್ದಕ್ಕೆ ಸಿಕ್ಕಿತು.

ಮೊದಲ ಸುತ್ತಿನಲ್ಲಿ ನಾಲ್ಕನೆಯ ಆಪ್ಷನ್ ಬಂತು. ಚಾಯ್ಸ್ ಎರಡು ಒತ್ತಿದೆ. ಅಂದರೆ ಈ ಸೀಟು ನನ್ನದೇ ಇರಲಿ, ಮೇಲಿನದು ಸಿಕ್ಕರೆ ಅದು ಕೊಡಿ ಅಂತ. ಗೆಳತಿಯೊಬ್ಬಳು ಸರಿಯಾಗಿ ಓದದೆ ಮೂರು ಒತ್ತಿ, ಕೈಯಲ್ಲಿದ್ದ ಸೀಟು ಬಿಟ್ಟುಕೊಟ್ಟಿದ್ದು ಆಮೇಲೆ ತಿಳಿದು ಅತ್ತಳು. ನನಗೆ ಎರಡನೇ ಸುತ್ತಿನಲ್ಲಿ ಮೈಸೂರು ಬಂತು.

ಹೊರಡುವ ತಯಾರಿಯಲ್ಲಿ ಟ್ರಂಕು, ಬಕೆಟ್ಟು, ಹೊದಿಕೆಯ ಲೆಕ್ಕ ಎಲ್ಲರೂ ಹೇಳುತ್ತಾರೆ, ನಾನು ಬೇರೆ ಹೇಳುತ್ತೇನೆ. ಮೂಲ ಅಂಕಪಟ್ಟಿ, ಟಿಸಿ ಕಾಲೇಜಿಗೆ ಕೊಡಬೇಕಾಗುತ್ತದೆ, ಮೊದಲೇ ಹತ್ತು ಸೆಟ್ ಜೆರಾಕ್ಸ್ ಮಾಡಿಸಿಟ್ಟುಕೊಳ್ಳಿ. ಮೊದಲ ವರ್ಷಕ್ಕೆ ನಾನು ಲ್ಯಾಪ್‌ಟಾಪ್ ಕೊಳ್ಳಲಿಲ್ಲ, ಕಾಲೇಜಿನ ಲ್ಯಾಬಿನಲ್ಲೇ ನಡೆಯಿತು. ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲ್ಲಿಗೆ ಅರ್ಜಿ ಹಾಕಿದ್ದೆ, ಆದರೆ ಆಯ್ಕೆ ಪಟ್ಟಿ ಬರುವಷ್ಟರಲ್ಲಿ ಕ್ಲಾಸು ಶುರುವಾಗಿ ಎರಡು ತಿಂಗಳಾಗಿತ್ತು. ಅಲ್ಲಿಯ ತನಕ ಪಿಜಿ. ಆ ಎರಡು ತಿಂಗಳ ದುಡ್ಡನ್ನು ಮೊದಲೇ ಲೆಕ್ಕಕ್ಕೆ ಹಿಡಿದಿರಲಿಲ್ಲ, ಅಪ್ಪ ಗೋವಿನಜೋಳ ಮಾರುವ ಮೊದಲೇ ಸಾಲ ಮಾಡಬೇಕಾಯಿತು. ಶಿಷ್ಯವೇತನದ್ದು ಇನ್ನೊಂದು ಕತೆ. ದುಡ್ಡು ಆಧಾರ್ ಕೊನೆಯದಾಗಿ ಜೋಡಣೆಯಾದ ಖಾತೆಗೆ ಹೋಗುತ್ತದೆ. ನಾನು ಮೈಸೂರಿನಲ್ಲಿ ಹೊಸ ಖಾತೆ ತೆಗೆದು ಪಾಸ್‌ಬುಕ್ ನೋಡುತ್ತ ಕೂತಿದ್ದೆ, ಅದು ಊರಿನ ಹಳೆ ಖಾತೆಗೆ ಬಂದು ಮೂರು ತಿಂಗಳಾಗಿತ್ತು.

ಪಿಜಿಯಲ್ಲಿ ಮೊದಲ ರಾತ್ರಿ ಮುದ್ದೆ. ಮಂಡ್ಯದ ರೂಮ್‌ಮೇಟು, "ಅಗೀಬೇಡ ಕಣೆ, ನುಂಗು" ಅಂತ ಹೇಳಿಕೊಟ್ಟಳು. ನಾನು "ಕುಂದರ್ರಿ", "ಹೋಗೂಣು" ಅಂದಾಗಲೆಲ್ಲ ನಗುತ್ತಿದ್ದರು. ತಿಂಗಳೊಳಗೆ ಅವರೇ ಹೋಗೂಣು ಅನ್ನತೊಡಗಿದರು. ಕಷ್ಟವಾದದ್ದು ಇಂಗ್ಲಿಷು. ಪಿಯುಸಿಯಲ್ಲಿ ಎರಡು ವರ್ಷ ಓದಿದ್ದರೂ, ಕ್ಲಾಸಿನಲ್ಲಿ ಬರೆದುಕೊಳ್ಳುವ ವೇಗ ಸಾಲುತ್ತಿರಲಿಲ್ಲ. ಮೊದಲ ಇಂಟರ್ನಲ್‌ನಲ್ಲಿ ಗಣಿತಕ್ಕೆ 25ಕ್ಕೆ 9. ನಮ್ಮ ವಿಶ್ವವಿದ್ಯಾಲಯವಾದ ವಿಟಿಯುನಲ್ಲಿ ಆಂತರಿಕ ಅಂಕ 50ಕ್ಕೆ 20 ಆಗದಿದ್ದರೆ ಸೆಮಿಸ್ಟರ್ ಪರೀಕ್ಷೆಗೇ ಕೂರಿಸುವುದಿಲ್ಲ, ಹಾಜರಾತಿ ಶೇ 85 ಬೇಕು. ಇದು ಮೊದಲ ದಿನವೇ ಹೇಳಿದ್ದರು, ಯಾರಿಗೂ ಕೇಳಿಸಿರಲಿಲ್ಲ. ಮರುದಿನದ ಪಾಠವನ್ನು ಹಿಂದಿನ ರಾತ್ರಿ ಒಂದು ಸಲ ಓದಿ, ಗೊತ್ತಿಲ್ಲದ ಪದ ಬರೆದಿಟ್ಟುಕೊಂಡು ಹೋಗುವ ಅಭ್ಯಾಸ ಮಾಡಿಕೊಂಡೆ. ಅರ್ಥವಾಗದ್ದನ್ನು ಕನ್ನಡದಲ್ಲೇ ಕೇಳುತ್ತಿದ್ದೆ. ಯಾವ ಮೇಷ್ಟ್ರೂ ಬೈಯಲಿಲ್ಲ.

ಈ ವರ್ಷ ತಮ್ಮ ಎರಡನೇ ಪಿಯುಸಿ. ಅವನಿಗೆ ಕೃಷಿ ಬಿಎಸ್ಸಿ ಬೇಕಂತೆ. ಅದರಲ್ಲಿ ರೈತರ ಮಕ್ಕಳ ಕೋಟಾ, ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆ, ನಾನು ದಾಟಿ ಬಂದ ದಾರಿಯೇ ಅಲ್ಲ. ಹೋದ ತಿಂಗಳು ಅವ್ವ ಅವನನ್ನು ಕರೆದುಕೊಂಡು ಧಾರವಾಡದ ಕೃಷಿ ಕಾಲೇಜಿಗೆ ಹೋಗಿದ್ದಳು. ಹೇಗಿತ್ತು ಅಂತ ಫೋನಿನಲ್ಲಿ ಕೇಳಿದೆ. "ಹೊಲ ಚಂದ ಮಡಗ್ಯಾರ. ಹಾಸ್ಟೆಲ್ ಅಡಿಗಿಮನಿ ನೋಡಾಕ ಬಿಡಲಿಲ್ಲ, ಇನ್ನೊಮ್ಮೆ ಹೊಕ್ಕೀನಿ" ಅಂದಳು.