ಕಲಾ ಮೇಷ್ಟ್ರ ಚಿತ್ರಗಳನ್ನು ಗೋಡೆಗೇರಿಸುವ ಮುನ್ನ

ಕೆನ್ ಕಲಾಶಾಲೆ ಕಟ್ಟಿದ ಆರ್.ಎಂ. ಹಡಪದ್ ಅವರ ಕಾಲದಿಂದ ಇಂದು ಮೈಸೂರಿನ ಕಾವಾ, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಕಾಲೇಜುಗಳವರೆಗೆ, ಕಲಿಸುತ್ತಲೇ ಚಿತ್ರ ಬರೆಯುವವರು ನಮ್ಮಲ್ಲಿ ಬಹಳ. ಇಂಥವರ ಪ್ರದರ್ಶನಕ್ಕೆ ಮೊದಲು ಬರುವವರು ಅವರದೇ ವಿದ್ಯಾರ್ಥಿಗಳು. ಬಣ್ಣದ ಜೊತೆಗೆ ಮೊಳೆ, ಅಂತರ, ಬೆಳಕು ಎಲ್ಲವನ್ನೂ ಅವರು ನೋಡಿ ಕಲಿಯುತ್ತಾರೆ. ತೂಗುಹಾಕುವ ಕೆಲಸಕ್ಕೆ ಎರಡು ಹಗಲು ಬೇಕೇ ಬೇಕು. ಉದ್ಘಾಟನೆಯ ಹಿಂದಿನ ರಾತ್ರಿಗೆ ಬಿಟ್ಟರೆ ಸಾಲು ಸೊಟ್ಟಗಾಗುತ್ತದೆ.

ಮೊದಲ ತೊಂದರೆ ಹಸಿ ಬಣ್ಣದ್ದು. ಪಾಠವಿದ್ದಾಗ ಬಿಡುವಿಲ್ಲದೆ ಬೇಸಿಗೆ ರಜೆಯಲ್ಲಿ ಬರೆದು, ಮಳೆಗಾಲದಲ್ಲಿ ಪ್ರದರ್ಶನಕ್ಕಿಡುವುದು ರೂಢಿ. ತೈಲವರ್ಣದ ಮೇಲ್ಪದರ ವಾರ, ಎರಡು ವಾರದಲ್ಲಿ ಕೈಗಂಟದಂತಾದರೂ ಒಳಗೆ ತಿಂಗಳುಗಟ್ಟಲೆ ಹಸಿಯಿರುತ್ತದೆ. ಆರು ತಿಂಗಳು ತುಂಬದ ದಪ್ಪ ಬಣ್ಣಕ್ಕೆ ಸಾಮಾನ್ಯ ವಾರ್ನಿಷ್ ಬಳಿದರೆ ಬಿರುಕು ಬಿಡಬಹುದು, ಅಂಟಂಟಾಗಬಹುದು. ಅಕ್ರಿಲಿಕ್ ಬೇಗ ಒಣಗುತ್ತದೆ, ಆದರೆ ಸೆಕೆಗೆ ಮೆತ್ತಗಾಗುತ್ತದೆ. ಬಬಲ್ ರ‍್ಯಾಪ್ ನೇರವಾಗಿ ಸುತ್ತಿದರೆ ಚಿತ್ರದ ಮೇಲೆಲ್ಲ ಗುಂಡು ಗುಂಡಾದ ಅಚ್ಚು ಮೂಡುತ್ತದೆ, ಅದು ಮತ್ತೆ ಹೋಗುವುದಿಲ್ಲ. ಮೊದಲು ಗ್ಲಾಸೀನ್ (ನುಣುಪಾದ ತೆಳು ಕಾಗದ) ಅಥವಾ ಸಿಲಿಕೋನ್ ಲೇಪದ ಬೇಕಿಂಗ್ ಕಾಗದ, ಆಮೇಲೆ ಗುಳ್ಳೆ ಹೊರಮುಖವಾಗಿ ಬಬಲ್ ರ‍್ಯಾಪ್.

ಜಲವರ್ಣ ಮತ್ತು ಮುದ್ರಣ ಚಿತ್ರಗಳ ಗಾಜು ಕಾಗದಕ್ಕೆ ತಾಗಬಾರದು. ನಡುವೆ ಮೌಂಟ್ ಬೋರ್ಡ್ (ಚಿತ್ರದ ಸುತ್ತ ಇಡುವ ದಪ್ಪ ರಟ್ಟಿನ ಅಂಚು) ಇಲ್ಲದಿದ್ದರೆ ತೇವಕ್ಕೆ ಎರಡೂ ಅಂಟಿಕೊಂಡು ಬೂಷ್ಟು ಹಿಡಿಯುತ್ತದೆ. ಚೌಕಟ್ಟಿನ ಹಿಂಬದಿಯ ಕೆಳಮೂಲೆಗಳಿಗೆ ಕಾರ್ಕಿನ ತುಂಡು ಅಂಟಿಸಿದರೆ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿಯಾಡುತ್ತದೆ. ಕರಾವಳಿ, ಮಲೆನಾಡಿನಲ್ಲಿ ಇದನ್ನು ಬಿಡಲೇಬೇಡಿ.

ಇನ್ನು ಎತ್ತರ. ಚಿತ್ರಗಳ ಮೇಲಂಚು ಸಾಲಾಗಿಸಬೇಡಿ, ನಡುಮಧ್ಯವನ್ನು ನೆಲದಿಂದ 58 ಇಂಚಿಗೆ ತನ್ನಿ. ಲೆಕ್ಕ ಹೀಗೆ: 58ಕ್ಕೆ ಚೌಕಟ್ಟಿನ ಅರ್ಧ ಎತ್ತರ ಕೂಡಿಸಿ, ಚೌಕಟ್ಟಿನ ಹಿಂಬದಿಗೆ ಕಟ್ಟಿದ ತಂತಿಯನ್ನು ಮೊಳೆಗೆ ಸಿಕ್ಕಿಸಿದಂತೆ ಮೇಲಕ್ಕೆ ಎಳೆದಾಗ ಅದಕ್ಕೂ ಮೇಲಂಚಿಗೂ ಉಳಿಯುವ ಅಂತರ ಕಳೆಯಿರಿ. 36 ಇಂಚಿನ ಚೌಕಟ್ಟು, 3 ಇಂಚಿನ ಅಂತರವಿದ್ದರೆ 58 + 18 – 3, ಅಂದರೆ ಮೊಳೆ 73 ಇಂಚಿಗೆ. ತಂತಿಯನ್ನು ಸಡಿಲವಾಗಿ ಇಟ್ಟು ಅಳೆದವರ ಚಿತ್ರ ಲೆಕ್ಕಕ್ಕಿಂತ ಕೆಳಗೆ ಕೂರುತ್ತದೆ. ತಂತಿ ಕಟ್ಟುವ ಬಳೆಗಳು ಮೇಲಿನಿಂದ ಮೂರನೇ ಒಂದು ಭಾಗದಲ್ಲಿರಲಿ. ಇನ್ನೂ ಕೆಳಗಿಳಿದರೆ ಚಿತ್ರ ಮುಂದಕ್ಕೆ ಬಾಗುತ್ತದೆ.

ಅಡ್ಡಡ್ಡ ಅಂತರವೂ ಕೂಡಿ ಕಳೆಯುವ ಲೆಕ್ಕವೇ. 30 ಅಡಿ ಗೋಡೆ, 3 ಅಡಿ ಅಗಲದ ಐದು ಚಿತ್ರ: ಉಳಿದ 15 ಅಡಿಯನ್ನು ಎರಡೂ ತುದಿ ಸೇರಿದ ಆರು ಅಂತರಗಳಿಗೆ ಭಾಗಿಸಿ, ಎರಡೂವರೆ ಅಡಿ. ಆರನೆಯ ಚಿತ್ರವನ್ನು ತುರುಕುವ ಆಸೆ ಬರುತ್ತದೆ. ಬೇಡ, ಒಂದರ ಬಣ್ಣ ಇನ್ನೊಂದರ ಮೇಲೆ ಬೀಳುತ್ತದೆ.

ಮೊಳೆ ಹೊಡೆಯಲು ಬಿಡದ ಗ್ಯಾಲರಿಗಳಲ್ಲಿ ಮೇಲಿನ ಕಂಬಿಯಿಂದ ನೈಲಾನ್ ದಾರದಲ್ಲಿ ಇಳಿಬಿಡಬೇಕಾಗುತ್ತದೆ. ದಾರ ಭಾರಕ್ಕೆ ಹಿಗ್ಗುತ್ತದೆ, ಆದ್ದರಿಂದ ಸಂಜೆ ಕಟ್ಟಿದ್ದನ್ನು ಬೆಳಿಗ್ಗೆ ಮತ್ತೆ ಅಳೆದು ಬಿಗಿ ಮಾಡಿ. ದೀಪ ಮೇಲಿನಿಂದ ಸುಮಾರು 30 ಡಿಗ್ರಿ ಓರೆಯಲ್ಲಿ ಬೀಳಲಿ. ಎದುರು ಗೋಡೆಯ ಟ್ಯೂಬ್‌ಲೈಟ್ ಆರಿಸದಿದ್ದರೆ ಗಾಜಿನಲ್ಲಿ ಚಿತ್ರಕ್ಕಿಂತ ನೋಡುವವರ ಮುಖವೇ ಕಾಣುತ್ತದೆ.

ಚಿತ್ರದ ಪಕ್ಕದ ಚೀಟಿಯಲ್ಲಿ ಹೆಸರು, ಮಾಧ್ಯಮ, ವರ್ಷ, ಅಳತೆ ಇದ್ದರೆ ಸಾಕು. ಅಳತೆ ಬರೆಯುವಾಗ ಎತ್ತರ ಮೊದಲು.

ವಿದ್ಯಾರ್ಥಿಗಳ ಚಿತ್ರಗಳನ್ನೂ ಇಡುವುದಾದರೆ ಬೇರೆ ಕೋಣೆ ಕೊಡಿ. ಒಂದೇ ಗೋಡೆಯಲ್ಲಿ ಬೆರೆಸಿದರೆ ಹೋಲಿಕೆ ಶುರುವಾಗಿ ಇಬ್ಬರಿಗೂ ಅನ್ಯಾಯ. ಮೇಷ್ಟ್ರು ಅಲ್ಲಿಯೇ ಬರೆದು ತೋರಿಸುವ ದಿನ ಮೇಜನ್ನು ಗೋಡೆಯಿಂದ ಹತ್ತಡಿ ಈಚೆಗೆ ಹಾಕಿ, ಕೆಳಗೆ ಹಳೆ ಬೆಡ್‌ಶೀಟ್ ಹಾಸಿ. ಬ್ರಷ್ ಕೊಡವಿದ ನೀರು ನೀವು ಅಂದುಕೊಂಡದ್ದಕ್ಕಿಂತ ದೂರ ಹಾರುತ್ತದೆ.