ಕಲಬುರಗಿ ಅಂಗಳದಲ್ಲಿ ಫರ್ಗೆಟ್ ಮಿ ನಾಟ್

ಫರ್ಗೆಟ್ ಮಿ ನಾಟ್ ಎಂಬ ಪುಟ್ಟ ನೀಲಿ ಹೂವಿನ ಬೀಜದ ಪ್ಯಾಕೆಟ್ ಹಿಂದೆ ಬರೆದಿರುವ ಬಿತ್ತನೆ ತಿಂಗಳುಗಳನ್ನು ಕಲಬುರಗಿಯಲ್ಲಿ ನಂಬಬೇಡಿ. ಅದು ಚಳಿ ದೇಶದ ಲೆಕ್ಕ. ಯುರೋಪಿನಲ್ಲಿ ಬೇಸಿಗೆಯಲ್ಲಿ ಬಿತ್ತಿ, ಚಳಿಗಾಲ ಕಳೆದ ಮೇಲೆ ಹೂ ನೋಡುತ್ತಾರೆ. ನಮ್ಮ ಮೇ ತಿಂಗಳ 42 ಡಿಗ್ರಿಯಲ್ಲಿ ಈ ಗಿಡ ಬದುಕುವ ಮಾತೇ ಇಲ್ಲ. ನಮಗೆ ಸಿಗುವುದು ದೀಪಾವಳಿಯಿಂದ ಹೋಳಿ ಹುಣ್ಣಿಮೆವರೆಗಿನ ನಾಲ್ಕು ತಿಂಗಳು. ಬಿತ್ತನೆ, ಹೂ, ಬೀಜ ಎಲ್ಲ ಅಷ್ಟರಲ್ಲೇ ಮುಗಿಯಬೇಕು.

ಇದು ತಿಳಿಯದೆ ನಾನು ಮೊದಲ ಸಲ ಮಿರಗದ ಮಳೆಗೆ ತೊಗರಿ ಬಿತ್ತಿದ ಹಾಗೆ ಜೂನ್‌ನಲ್ಲಿ ಬಿತ್ತಿದ್ದೆ. ಸಸಿ ಎದ್ದವು, ಒಂದೇ ವಾರದ ಧಗೆಗೆ ಕೊಳೆತು ಹೋದವು.

ಮೊದಲು ಬೀಜದ ಆಯ್ಕೆ. ಅಸಲಿ ಫರ್ಗೆಟ್ ಮಿ ನಾಟ್ ಎಂದರೆ ಮೈಯೊಸೋಟಿಸ್. ಗ್ರೀಕ್‌ನಲ್ಲಿ ಇಲಿಯ ಕಿವಿ ಎಂದರ್ಥ. ಎಲೆ ಮುಟ್ಟಿದರೆ ಹೆಸರು ಯಾಕೆ ಬಂತೆಂದು ಗೊತ್ತಾಗುತ್ತದೆ, ಮೆತ್ತನೆ ರೋಮ ಇರುತ್ತದೆ. ಇದರ ಕೆಲವು ತಳಿಗಳು ಒಳ್ಳೆ ಚಳಿ ಕಾಣದೆ ಹೂ ಬಿಡುವುದೇ ಇಲ್ಲ. ಹಾಗಾಗಿ ಬಿತ್ತಿದ ವರ್ಷವೇ ಹೂ ಬಿಡುವ ತಳಿಯನ್ನೇ ಕೇಳಿ ತೆಗೆದುಕೊಳ್ಳಿ. ಚೈನೀಸ್ ಫರ್ಗೆಟ್ ಮಿ ನಾಟ್ ಎಂಬ ಇನ್ನೊಂದಿದೆ, ಸೈನೋಗ್ಲಾಸಮ್. ಹೂ ಅದೇ ನೀಲಿ, ಗಿಡ ಒಂದೂವರೆ ಅಡಿ ದಾಟುತ್ತದೆ, ಬಿಸಿಲನ್ನೂ ಸ್ವಲ್ಪ ಜಾಸ್ತಿ ತಡೆಯುತ್ತದೆ. ಕಲಬುರಗಿ, ಯಾದಗಿರಿಯವರು ಮೊದಲ ವರ್ಷ ಇದನ್ನೇ ಹಾಕುವುದು ಜಾಣತನ. ಬೀದರ್ ಕಲಬುರಗಿಗಿಂತ ಸುಮಾರು 200 ಮೀಟರ್ ಎತ್ತರದಲ್ಲಿದೆ, ಚಳಿಯೂ ಅಲ್ಲಿ ಹೆಚ್ಚು. ಅವರು ಧೈರ್ಯವಾಗಿ ಅಸಲಿಗೇ ಕೈ ಹಾಕಬಹುದು.

ಇನ್ನು ಮಣ್ಣು. ನಮ್ಮ ಎರೆಮಣ್ಣು ತೊಗರಿಗೆ ಬಂಗಾರ, ಈ ಹೂವಿಗೆ ಶತ್ರು. ನೀರು ಹಾಕಿದರೆ ಅಂಟಾಗುತ್ತದೆ, ಒಣಗಿದರೆ ಬಿರುಕು ಬಿಟ್ಟು ಸಣ್ಣ ಬೇರುಗಳನ್ನು ಹರಿಯುತ್ತದೆ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಹೆಂಡಿಗೊಬ್ಬರ ಸೇರಿಸಿ. ಬೀದರ್‌ನವರಿಗೆ ಕೆಂಪು ಮಣ್ಣು ಮನೆ ಬಾಗಿಲಲ್ಲೇ ಇದೆ, ಹುಡುಕುವ ತಾಪತ್ರಯ ನಮಗಷ್ಟೇ.

ಅಕ್ಟೋಬರ್ ಕೊನೆಗೆ, ರಾತ್ರಿ ತಂಪು ಶುರುವಾದ ಮೇಲೆ ಬಿತ್ತಿ. ಮೈಯೊಸೋಟಿಸ್ ಬೀಜ ಎಳ್ಳಿಗಿಂತ ಸಣ್ಣದು, ಕರ್ರಗೆ ಮಿರಿಮಿರಿ ಹೊಳೆಯುತ್ತದೆ. ಮೊದಲೇ ತೇವ ಮಾಡಿದ ಮಣ್ಣಿನ ಮೇಲೆ ಉದುರಿಸಿ, 3 ಮಿಲಿಮೀಟರ್‌ನಷ್ಟು ಮಣ್ಣು ಜರಡಿ ಹಿಡಿದು ಮುಚ್ಚಿ. ಮೊಳೆಯಲು ಇದಕ್ಕೆ ಕತ್ತಲೆ ಬೇಕು, ಹೆಚ್ಚಿನವರು ತಪ್ಪುವುದು ಇಲ್ಲೇ. ಟ್ರೇ ಮೇಲೆ ಹಲಗೆ ಮುಚ್ಚಿ, ಒಳಮನೆಯಲ್ಲಿ ನೀರಿನ ಗಡಿಗೆ ಪಕ್ಕ ಇಡಿ. ಅದಕ್ಕೆ ಬೇಕಾದ್ದು 18ರಿಂದ 20 ಡಿಗ್ರಿ. ಒಂದರಿಂದ ಮೂರು ವಾರದಲ್ಲಿ ಮೊಳಕೆ ಕಾಣುತ್ತದೆ. ಕಂಡ ದಿನವೇ ಹಲಗೆ ತೆಗೆದು ಬೆಳಕಿಗೆ ತನ್ನಿ.

ನಾಲ್ಕಾರು ಎಲೆ ಬಂದ ಮೇಲೆ ಮಣ್ಣಿನ ಕುಂಡಕ್ಕೋ ಪಾತಿಗೋ ಬದಲಿಸಿ. ನಡುವೆ ಒಂದು ಗೇಣು ಬಿಡಿ. ಜಾಗ ಮನೆಯ ಪೂರ್ವಕ್ಕಿರಲಿ. ಹತ್ತು ಗಂಟೆವರೆಗೆ ಬಿಸಿಲು, ಆಮೇಲೆ ನೆರಳು. ಒಂದು ಮಾತು: ಕುಂಡವನ್ನು ಶಹಾಬಾದ್ ಕಲ್ಲಿನ ಹಾಸಿನ ಮೇಲೆ ಇಡಬೇಡಿ. ಮಧ್ಯಾಹ್ನ ಕಾದ ಕಲ್ಲು ಸಂಜೆಯಾದರೂ ಆರುವುದಿಲ್ಲ, ಬೇರು ಬೇಯುತ್ತದೆ. ಎರಡು ಇಟ್ಟಿಗೆ ಇಟ್ಟು ಎತ್ತರಿಸಿ.

ಮಣ್ಣು ತೇವವಾಗಿರಬೇಕು, ಕೆಸರಾಗಬಾರದು. ಬೆಳಿಗ್ಗೆ ಬುಡಕ್ಕೆ ಮಾತ್ರ ನೀರು. ಎಲೆ ಮೇಲೆ ಬೂದಿ ಚೆಲ್ಲಿದಂತೆ ಬಿಳಿ ಕಂಡರೆ ಬೂದಿರೋಗ. ಆ ಎಲೆ ಕಿತ್ತು, ಗಿಡಗಳ ನಡುವೆ ಗಾಳಿ ಆಡುವಂತೆ ಮಾಡಿ. ಗೊಬ್ಬರ ಮತ್ತೆ ಮತ್ತೆ ಹಾಕಿದರೆ ಎಲೆಯೇ ಎಲೆ, ಹೂವಿಲ್ಲ.

ಎಲ್ಲ ಸರಿ ಹೋದರೆ ಫೆಬ್ರವರಿ ಹೊತ್ತಿಗೆ ಹೂಗೊಂಚಲು ಚೇಳಿನ ಕೊಂಡಿಯಂತೆ ಸುರುಳಿ ಬಿಚ್ಚುತ್ತದೆ. ಮೊಗ್ಗು ಗುಲಾಬಿ, ಅರಳಿದಾಗ ಆಕಾಶ ನೀಲಿ, ನಡುವೆ ಒಂದು ಹಳದಿ ಚುಕ್ಕೆ. ಹೂವಿನ ಗಾತ್ರ ಅಂಗಿ ಗುಂಡಿಯಷ್ಟೂ ಇಲ್ಲ. ಇಷ್ಟಕ್ಕೆ ಇಷ್ಟೆಲ್ಲಾ ಪಾಡಾ ಅಂತ ನಮ್ಮನೆಯಲ್ಲಿ ಕೇಳಿದರು. ಹತ್ತು ಗಿಡ ಒಟ್ಟಿಗೆ ಅರಳಿದ ಮೇಲೆ ಕೇಳಲಿಲ್ಲ.

ಹೋಳಿ ಹತ್ತಿರ ಬರುತ್ತಿದ್ದಂತೆ ಗಿಡ ಹಳದಿಯಾಗುತ್ತದೆ. ಉಳಿಸಲು ಒದ್ದಾಡಬೇಡಿ, ಒಣಗಿದ ಗೊಂಚಲನ್ನು ಕಾಗದದ ಕವರ್‌ನಲ್ಲಿ ಬಡಿದು ಬೀಜ ತೆಗೆಯಿರಿ. ಚೈನೀಸ್ ಜಾತಿಯದಾದರೆ ಉತ್ತರಾಣಿಯಂತೆ ಬೀಜ ಸೀರೆ, ಲುಂಗಿಗೆಲ್ಲ ಅಂಟುತ್ತದೆ, ಅದನ್ನೂ ಬಿಡಿಸಿ ಸೇರಿಸಿಕೊಳ್ಳಿ. ಕವರನ್ನು ಡಬ್ಬಿಗೆ ಹಾಕಿ ಒಳಮನೆಯಲ್ಲಿಡಿ. ತಗಡಿನ ಶೆಡ್‌ನಲ್ಲಿಟ್ಟರೆ ಏಪ್ರಿಲ್ ಕಾವಿಗೇ ಬೀಜ ಕೆಟ್ಟೀತು.